ಬಿಡಿಸಿ ಹೇಳದ್ದು

ಫೆಬ್ರವರಿ ೧೧, ಸೋಮವಾರ

ಬಿಸಿಲು ನಲವತ್ತಮೂರು ಡಿಗ್ರಿ. ಕಾರಿನ ಬಾಗಿಲಿನ ಹಿಡಿ ಮುಟ್ಟುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಬೆಳಗಿನಿಂದ ದುಭಾಷಿಯಾಗಿ ಕೂತು ನಾಲಿಗೆ ಒಣಗಿದೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಟೊಂಗಾದ ಮಾತಿನಲ್ಲಿ ಹೇಳುವುದು, ರೋಗಿ ಹೇಳಿದ್ದನ್ನು ತಿರುಗಿ ಇಂಗ್ಲಿಷಿಗೆ ತರುವುದು. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ನಮ್ಮವರು ಸಿಡ್ನಿಯಿಂದ ದೂರದ ಈ ಊರ ತುಂಬ ಇರುತ್ತಾರೆ, ಕಾಯಿಲೆಗಳೂ ಅವರ ಜೊತೆ ಬರುತ್ತವೆ.

ಕೊನೆಯವನ ಹೆಸರು ಕೂಗಿದಾಗ ನನಗೆ ಹೊಳೆಯಲಿಲ್ಲ. ಒಳಗೆ ಬಂದವನು ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಮೆಲೆನೈತೆ ಅಕ್ಕ ಅಲ್ವಾ? ನಾನು ಫೆಲೇತಿ. ನಿಮ್ಮ ಓಫಾ ಚಿಕ್ಕಮ್ಮನ ಮಗ."

ನಮ್ಮ ದ್ವೀಪ ಬಿಟ್ಟು ನಾನು ಈ ದೇಶಕ್ಕೆ ಬರುವಾಗ ಅವನಿಗೆ ಹತ್ತು ವರ್ಷವಿರಬೇಕು. ಈಗ ಆಳೆತ್ತರ, ಬಾಗಿಲಿಗೆ ತಲೆ ತಾಗಿಸಿಕೊಳ್ಳುವವನು. ಅವನ ಅಜ್ಜ, ನನ್ನ ಅಜ್ಜ ಅಣ್ಣ ತಮ್ಮಂದಿರು. ನರ್ಸ್ ಬೆವ್ ಕೇಳಿದಳು, "ಸಂಬಂಧಿಕರಾ? ಹಾಗಿದ್ರೆ ಹೇಳು, ಫೋನಲ್ಲಿ ಬೇರೆ ದುಭಾಷೀನ ಹಿಡೀತೀನಿ."

"ದೂರದ ನೆಂಟಸ್ತಿಕೆ" ಎಂದೆ.

"ಈ ಊರಲ್ಲಿ ನಿನಗೆ ನೆಂಟನಲ್ಲದ ಟೊಂಗಾದವನು ಯಾವನಿದಾನೆ?" ಎಂದು ನಕ್ಕು ಬಾಗಿಲು ಹಾಕಿಕೊಂಡು ಹೋದಳು.

ಇಂಗ್ಲಿಷಿನಲ್ಲಿ ಅದು ನಿಜವಾಗಿಯೂ ದೂರವೇ. ಅಜ್ಜಂದಿರ ಕಾಲಕ್ಕೆ ಕವಲೊಡೆದ ಸಂಬಂಧಕ್ಕೆ ಅಲ್ಲಿ ಬೇರೆ ಹೆಸರಿದೆ. ನಮ್ಮ ಮಾತಿನಲ್ಲಿ ಇಲ್ಲ. ನಮ್ಮಲ್ಲಿ ಅವನು ನನ್ನ ತಮ್ಮ, ಅಷ್ಟೇ.

ಡಾಕ್ಟರ್ ಪ್ರೀಡಿ ಪಟ್ಟಣದಿಂದ ಎರಡು ವಾರಕ್ಕೊಮ್ಮೆ ಬರುವ ಶಸ್ತ್ರಚಿಕಿತ್ಸಕಿ. ನೇರ ಮಾತಿನ ಹೆಂಗಸು. ಕಳೆದ ತಿಂಗಳ ಪರೀಕ್ಷೆಯ ಫಲಿತಾಂಶ ಎದುರಿಗಿಟ್ಟುಕೊಂಡು, "ಕ್ಯಾನ್ಸರ್. ಬೇಗ ಸಿಕ್ಕಿದೆ. ಈಗ್ಲೇ ಚಿಕಿತ್ಸೆ ಶುರು ಮಾಡಿದ್ರೆ ಪೂರ್ತಿ ವಾಸಿಯಾಗಬಹುದು. ಬಿಟ್ರೆ ಆಗಲ್ಲ" ಎಂದರು. ಎಲ್ಲಿ ಎನ್ನುವುದನ್ನೂ ಹೇಳಿದರು. ಬಣ್ಣದ ಚಿತ್ರವೊಂದನ್ನು ಮೇಜಿನ ಮೇಲೆ ಬಿಡಿಸಿ ಬೆರಳಿಟ್ಟು ತೋರಿಸಿದರು. ಫೆಲೇತಿ ಫ್ಯಾನಿನ ಕಡೆ ನೋಡುತ್ತಿದ್ದ. ನಾನು ನೀರಿನ ಲೋಟಕ್ಕೆ ಜಾಗ ಮಾಡುವವಳ ಹಾಗೆ ಚಿತ್ರವನ್ನು ಪಕ್ಕಕ್ಕೆ ಸರಿಸಿದೆ.

ಒಳಗೆ ಒಂದು ತೊಂದರೆ ಇದೆ, ಅಲಕ್ಷ್ಯ ಮಾಡುವಂಥದ್ದಲ್ಲ, ಡಾಕ್ಟರಿಗೆ ಅದರ ಬಗ್ಗೆ ಕಾಳಜಿ ಇದೆ ಎಂದು ಗೌರವದ ಮಾತುಗಳಲ್ಲಿ ತಿಳಿಸಿದೆ. ಪ್ರತಿ ಮಾತಿಗೂ ಅವನು "ಹೂಂ ಅಕ್ಕ" ಎಂದ. "ಅರ್ಥ ಆಯ್ತಂತಾ?" ಎಂದು ಡಾಕ್ಟರು ಕೇಳಿದರು. ಆಯಿತಂತೆ ಎಂದೆ.

ಒಟ್ಟಿನಲ್ಲಿ ಚೆನ್ನಾಗಿಯೇ ಹೋಯಿತು. ಇಪ್ಪತ್ತು ವರ್ಷದ ಅನುಭವ ಎಲ್ಲಿ ಹೋಗುತ್ತದೆ.

ಫೆಬ್ರವರಿ ೧೪, ಗುರುವಾರ

ಕಾಲು ಬಾತಿವೆ. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಲಾತು, ಗಂಡಸರು ಕಾವಾ ಬೇರಿನ ಪಾನೀಯ ಕುಡಿದು ಹಾಡುವ ಕೂಟದಿಂದ ಬೇಗ ಬಂದ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡನಿಗೆ ಯಾವುದನ್ನು ಮನೆಗೆ ತರಬೇಕು, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುವುದು ತಿಳಿಯದು.

"ನಿನ್ನ ತಮ್ಮ ಸಿಕ್ಕಿದ್ದ ಕಣೇ. ಹಾಡೋಕೆ ಕೂತ್ರೆ ಎಂಥ ದನಿ. ಆದ್ರೆ ಪಾಪ, ಒಂದೇ ಮಗ್ಗುಲಿಗೆ ಕೂರ್ತಾನೆ. ನಮ್ಮೋರು ಬಿಡ್ತಾರಾ? ಕೋಳಿ ಮೊಟ್ಟೆ ಇಡೋ ಹಾಗೆ ಕೂತಿದೀಯಲ್ಲೋ ಅಂತ ರೇಗಿಸಿದ್ದೇ ರೇಗಿಸಿದ್ದು."

"ಅದೆಲ್ಲ ನನ್ನ ಹತ್ರ ಹೇಳ್ಬೇಡ."

"ಹೇಳ್ತಿಲ್ಲ ಮಾರಾಯ್ತಿ. ಮೂಲವ್ಯಾಧಿ ಅಂತೆ. ಅವನೇ ಅಂದ. ಮುಲಾಮು ಕೊಡ್ತಾರೆ, ಗಾಬರಿ ಇಲ್ಲ, ಅಕ್ಕ ಎಲ್ಲ ಚೆನ್ನಾಗಿ ಬಿಡಿಸಿ ಹೇಳಿದ್ಲು ಅಂತ ನಿನ್ನನ್ನ ಹೊಗಳ್ತಾ ಇದ್ದ."

ನಾನು ಎದ್ದು ಒಲೆಯ ಮೇಲಿದ್ದ ಗೆಣಸು ಕೆಳಗಿಳಿಸಿದೆ. ಆಸ್ಪತ್ರೆಯ ಒಳಗಿನ ಮಾತು ನನ್ನ ಬಾಯಿಂದ ಹೊರಗೆ ಬರುವಂತಿಲ್ಲ, ಗಂಡನ ಹತ್ತಿರವೂ. ಅದು ನಮ್ಮ ವೃತ್ತಿಯ ಮೊದಲ ನಿಯಮ.

ಫೆಲೇತಿ ಸರಿಯಾಗಿ ಕೇಳಿಸಿಕೊಂಡಿಲ್ಲ. ಅವನ ಗಮನ ಫ್ಯಾನಿನ ಮೇಲಿತ್ತು.

ಫೆಬ್ರವರಿ ೧೭, ಭಾನುವಾರ

ಅವನು ಕೇಳಿಸಿಕೊಂಡಿಲ್ಲ ಎಂದು ಬರೆದದ್ದು ಅನ್ಯಾಯವಿರಬಹುದು. ಕ್ಯಾನ್ಸರ್ ಎಂಬ ಪದವನ್ನು ನಾನು ಹೇಳಿದೆನೇ ಎಂದು ನೆನಪಿಸಿಕೊಳ್ಳಲು ನೋಡಿದೆ. ಬೆಳೆಯಬಾರದ ಬೆಳವಣಿಗೆ ಎಂದೆ. ಅದೂ ತಪ್ಪಲ್ಲ. ಆ ಪದ ಹೇಳಿದ್ದರೆ ಎಲ್ಲಿ ಎಂದು ಕೇಳುತ್ತಿದ್ದ. ಎಲ್ಲಿ ಎಂದು ನಾನು ಹೇಳಬೇಕಾಗುತ್ತಿತ್ತು.

ನಮ್ಮ ಮನೆಯಲ್ಲಿ ಅಣ್ಣ ತಮ್ಮಂದಿರು ಕೂತ ಕೋಣೆಯಲ್ಲಿ ನಾವು ಹೆಣ್ಣುಮಕ್ಕಳು ಸಿನಿಮಾ ಸಹ ನೋಡುತ್ತಿರಲಿಲ್ಲ. ಪರದೆಯ ಮೇಲೆ ಯಾರಾದರೂ ಯಾರನ್ನಾದರೂ ತಬ್ಬಿಕೊಂಡರೆ ಏನು ಗತಿ. ಅಕ್ಕ ತಂಗಿಯರ ಎದುರು ಮೈಯ ಮಾತು ಬಂದರೆ ಗಂಡುಮಕ್ಕಳು ಎದ್ದು ಹೊರಗೆ ಹೋಗಬೇಕು. ಅದು ಹೆದರಿಕೆಯಲ್ಲ, ಮರ್ಯಾದೆ. ಹಾಗಿದ್ದೂ ಫೆಲೇತಿ ಎದ್ದು ಹೋಗಲಿಲ್ಲ. ಎದ್ದರೆ ನನ್ನ ಕೆಲಸಕ್ಕೆ ಅವಮಾನ ಮಾಡಿದ ಹಾಗೆ. ನಾನು ಅವನಿಗಾಗಿ ತಡೆದುಕೊಂಡೆ, ಅವನು ನನಗಾಗಿ.

ನಾನು ಓದಿದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಅಂಗಳ ಗುಡಿಸಬೇಕಿತ್ತು. ಅಲ್ಲಿಂದ ಬಂದ ಮೇಲೆ ಇಂಥ ಸಂಕೋಚವೆಲ್ಲ ನನಗಿಲ್ಲ ಎಂದೇ ತಿಳಿದಿದ್ದೆ. ಇಂಗ್ಲಿಷಿನಲ್ಲಿ ಈಗಲೂ ಇಲ್ಲ.

ಡಾಕ್ಟರು ಮತ್ತೆ ಬರುವುದು ನಾಳೆಯಲ್ಲ, ಅದರ ಮುಂದಿನ ಸೋಮವಾರ. ಆಗ ಸರಿಪಡಿಸುತ್ತೇನೆ.

ಫೆಬ್ರವರಿ ೨೫, ಸೋಮವಾರ

ಡಾಕ್ಟರ್ ಪ್ರೀಡಿ ಹೇಳಿದ್ದು: ಮಾರ್ಚ್ ನಡುವಿನೊಳಗೆ ಪಟ್ಟಣದಲ್ಲಿ ವಿಕಿರಣ ಚಿಕಿತ್ಸೆ ಶುರುವಾಗಬೇಕು, ಆಮೇಲೆ ಆಪರೇಷನ್. ಆಪರೇಷನ್ ಆದ ಮೇಲೆ ದೇಹದ ಒಂದು ಕೆಲಸಕ್ಕೆ ಬೇರೆ ಏರ್ಪಾಡು. ಅದನ್ನೂ ವಿವರವಾಗಿ ಹೇಳಿದರು.

ನಾನು ಹೇಳಿದ್ದು: ಪಟ್ಟಣದಲ್ಲಿ ಒಳ್ಳೆಯ ಚಿಕಿತ್ಸೆ ಇದೆ, ಸ್ವಲ್ಪ ದಿನ ಆರೈಕೆ ಬೇಕಾಗುತ್ತದೆ, ಡಾಕ್ಟರು ತಡ ಮಾಡಬಾರದೆಂದು ಅಭಿಪ್ರಾಯಪಡುತ್ತಾರೆ.

ಅವನು ನೆಲ ನೋಡುತ್ತ, "ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಅಕ್ಕ. ಕೊಯ್ಲು ಅರ್ಧಕ್ಕೆ ಬಿಡೋಕಾಗಲ್ಲ. ಏಪ್ರಿಲಲ್ಲಿ ಊರಿಗೆ ಹೋಗ್ತೀನಲ್ಲ, ಅಲ್ಲೇ ನೋಡ್ಕೋತೀನಿ" ಎಂದ.

ಅದನ್ನು ಒಂದು ಪದ ಬಿಡದೆ ಇಂಗ್ಲಿಷಿಗೆ ತಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಲ್ಲಿ ವಿಕಿರಣ ಚಿಕಿತ್ಸೆ ಸಿಗಲ್ಲ. ಏಪ್ರಿಲ್ ಅಂದ್ರೆ ತಡ. ಬೇಡ ಅನ್ನೋ ಹಕ್ಕು ಅವನಿಗಿದೆ, ಆದ್ರೆ ಬೇಡ ಅಂದ್ರೆ ಏನಾಗುತ್ತೆ ಅಂತ ಗೊತ್ತಾ ಅವನಿಗೆ?"

ಅವನ ಕಡೆ ತಿರುಗಿ, ಡಾಕ್ಟರು ಹೇಳಿದ್ದರ ಗಾಂಭೀರ್ಯ ಗಮನದಲ್ಲಿದೆಯೇ ಎಂದು ಕೇಳಿದೆ. "ಇದೆ ಅಕ್ಕ" ಎಂದ.

ಗೊತ್ತು ಎಂದು ಡಾಕ್ಟರಿಗೆ ಹೇಳಿದೆ.

ದಣಿವು. ಬರೆಯಲು ಇನ್ನೇನೂ ಇಲ್ಲ.

ಮಾರ್ಚ್ ೩, ಭಾನುವಾರ

ಚರ್ಚಿನಲ್ಲಿ ಗಂಡಸರ ಸಾಲಿನಿಂದ ಅವನ ದನಿ ಕೇಳುತ್ತದೆ. ತಗ್ಗಿನ ಸ್ವರ, ನೆಲದೊಳಗಿಂದ ಬರುವ ಹಾಗೆ. ಅವನು ಹಾಡಲು ಶುರು ಮಾಡಿದ ಮೇಲೆ ಬೇರೆಯವರೂ ಗಟ್ಟಿಯಾಗಿ ಹಾಡುತ್ತಿದ್ದಾರೆ. ನನ್ನ ಪಕ್ಕದ ಹೆಂಗಸು, "ನಿನ್ನ ತಮ್ಮ ಬಂದ್ಮೇಲೆ ದೇವರಿಗೆ ನಮ್ಮ ಹಾಡು ಕೇಳಿಸ್ತಿರ್ಬೇಕು" ಎಂದಳು. ಅವಳು ಸುಮ್ಮನೆ ತಮ್ಮ ಎಂದಳು, ದೂರ ಹತ್ತಿರ ಏನೂ ಸೇರಿಸದೆ.

ಊಟಕ್ಕೆ ನೆಲದ ಒಲೆಯಲ್ಲಿ ಬೆಂದ ಹಂದಿ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಹಾಕಿ ಕಟ್ಟಿದ ಮಾಂಸ. ನಾನು ಒಳಗಿದ್ದುದರಿಂದ ಫೆಲೇತಿ ಹೊರಗೆ ನೀಲಗಿರಿ ಮರದ ಕೆಳಗೆ ನಿಂತ. ಕೂರಲಿಲ್ಲ. ಬೆಲ್ಟಿಗೆ ಹೊಸ ತೂತು ಮಾಡಿಸಿಕೊಂಡಿದ್ದಾನೆ, ತುದಿ ನೇತಾಡುತ್ತದೆ. ಸ್ವಲ್ಪ ಹೊತ್ತಿಗೆ, ಅವನು ಕಳಿಸಿದನೆಂದು ಒಬ್ಬ ಹೆಂಗಸು ನನ್ನ ಮುಂದೆ ತಟ್ಟೆ ಇಟ್ಟಳು. ಹಂದಿಯ ಬೆನ್ನಿನ ಭಾಗ, ಗರಿಗರಿ ಚರ್ಮದ ಸಮೇತ. ಎಲ್ಲಕ್ಕಿಂತ ಒಳ್ಳೆಯ ತುಂಡು ಅಕ್ಕನಿಗೆ ಹೋಗಬೇಕು.

ತಿಂದೆ. ತಿನ್ನದಿದ್ದರೆ ಅವನು ನೊಂದುಕೊಳ್ಳುತ್ತಿದ್ದ.

ಮಾರ್ಚ್ ೭, ಗುರುವಾರ

ಲೈಬ್ರರಿಯಲ್ಲಿ ಹೊಸ ದುಭಾಷಿಗಳಿಗೆ ತರಗತಿ. ವರ್ಷಕ್ಕೊಮ್ಮೆ ನಾನೇ ತೆಗೆದುಕೊಳ್ಳುವುದು. ಸ್ಪಷ್ಟವಾಗಿ ಹೇಳುವುದು ಹೇಗೆ ಎನ್ನುವ ವಿಷಯ. ಎ.ಸಿ. ಕೆಟ್ಟಿತ್ತು, ಎಲ್ಲರೂ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಬೋರ್ಡಿನ ಮೇಲೆ ವಿವರಿಸು, ಬಿಡಿಸು, ಜೋಡಿಸು, ತಿಳಿಯಾಗಿಸು ಎಂದು ಬರೆದೆ. ಇವುಗಳಿಗೆ ವಿರುದ್ಧವಾದದ್ದು ಯಾವುದು ಹೇಳಿ ಎಂದೆ. ತರಗತಿಗೆ ಜೀವ ಬರಲಿ ಎಂದು ಪ್ರತಿ ವರ್ಷ ಹೀಗೆ ಕೇಳುತ್ತೇನೆ. ಮೂಲೆಯಿಂದ ಒಬ್ಬ, "ಸುಳ್ಳು ಹೇಳೋದು" ಎಂದ.

ಮುಂದಿನ ಸಾಲಿನಲ್ಲಿ ಥುಯ್ ಎನ್ನುವ ವಿಯೆಟ್ನಾಮಿನ ಹೆಂಗಸು ಕೂತಿದ್ದಳು. ಮೊಮ್ಮಕ್ಕಳಿರುವವಳು, ಬೇಕರಿ ಮುಚ್ಚಿ ಈ ಕೆಲಸ ಕಲಿಯಲು ಬಂದಿದ್ದಾಳೆ. "ಅಲ್ಲ ಟೀಚರ್" ಎಂದಳು. "ಸುಳ್ಳು ಬಹಳ ಸ್ಪಷ್ಟವಾಗಿರುತ್ತೆ. ನನ್ನ ಗಂಡ ಜೂಜಾಡಿಲ್ಲ ಅಂತಿದ್ದ. ಎಷ್ಟು ಸ್ಪಷ್ಟ. ನಂಗೆ ತಕ್ಷಣ ಗೊತ್ತಾಗ್ತಿತ್ತು."

ಎಲ್ಲರೂ ನಕ್ಕರು.

"ಮತ್ತೆ ವಿರುದ್ಧ ಯಾವುದು?" ಎಂದೆ.

"ನಿಜವಾದ ಮಾತನ್ನೇ ಹೇಳೋದು, ಯಾರಿಗೂ ಏನೂ ಗೊತ್ತಾಗದ ಹಾಗೆ ಹೇಳೋದು. ಕಲಕೋದು. ಮಬ್ಬು ಮಾಡೋದು. ನಮ್ಮತ್ತೆ ಅದರಲ್ಲಿ ಪಂಡಿತೆ."

ಮತ್ತೆ ನಗು. ಒಬ್ಬೊಬ್ಬರೂ ತಮಗೆ ತೋಚಿದ ಪದ ಕೂಗಿದರು. ಮರೆಮಾಡು. ತೇಲಿಸು. ಸುತ್ತಿಬಳಸು. ಹಾರಿಸು. ಬೋರ್ಡು ತುಂಬಿತು. ನಾನು ಬರೆದ ಪದಗಳು ಮೇಲೆ ಮೂಲೆಯಲ್ಲಿ ಉಳಿದವು. ಸೀಮೆಸುಣ್ಣ ಹಿಡಿದು ನಿಂತಿದ್ದೆ. ಮುಂದೇನು ಹೇಳಬೇಕೆಂದಿದ್ದೆನೋ ಮರೆತುಹೋಯಿತು. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ.

ಅವನು ಕೇಳಿಸಿಕೊಂಡಿದ್ದಾನೆ. ನಾನು ಹೇಳಿದ ಪ್ರತಿ ಮಾತನ್ನೂ.

ಮಾರ್ಚ್ ೧೦, ಭಾನುವಾರ

ಚರ್ಚಿಗೆ ಹೋಗಲಿಲ್ಲ. ತಲೆನೋವೆಂದೆ. ಲಾತು ಹಣೆ ಮುಟ್ಟಿ ನೋಡಿ, "ಬಿಸಿ ಇಲ್ಲ. ದೇವರ ಜೊತೆ ಜಗಳವಾ?" ಎಂದು ಕೇಳಿ ಹೋದ.

ಲಾತುಗೆ ಹೇಳಿದರೆ ಮುಗಿಯುತ್ತದೆ. ಗಂಡಸರ ನಡುವೆ ಅವನು ಅರ್ಧ ನಿಮಿಷದಲ್ಲಿ ಹೇಳಿ, ಮೇಲೊಂದು ತಮಾಷೆಯನ್ನೂ ಮಾಡಿ ಬರುತ್ತಾನೆ. ಆದರೆ ಒಬ್ಬನ ಕಾಯಿಲೆಯನ್ನು ಇನ್ನೊಬ್ಬನಿಗೆ ಹೇಳುವ ಹಕ್ಕು ನನಗಿಲ್ಲ. ಆ ನಿಯಮವನ್ನು ಇಷ್ಟು ವರ್ಷ ಮುರಿದಿಲ್ಲ. ಮುರಿಯದೆ ಉಳಿದಿರುವುದು ಈಗ ಅದೊಂದೇ ಎಂದು ಹಿಡಿದುಕೊಂಡಿದ್ದೇನೆಯೇ, ಗೊತ್ತಿಲ್ಲ.

ಮೊದಲ ದಿನ ಬೆವ್ ಕೇಳಿದಾಗ, ಹೌದು, ನನ್ನ ತಮ್ಮ ಎಂದಿದ್ದರೆ ಸಾಕಿತ್ತು. ಫೋನಿನಲ್ಲಿ ಯಾರೋ ಗಂಡಸು ಬರುತ್ತಿದ್ದ. ನಾನು ಹೊರಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

ನಾಳೆ ಪ್ರೀಡಿ ಬರುತ್ತಾರೆ. ಫೆಲೇತಿಯ ಹೆಸರು ನಾಳೆಯ ಪಟ್ಟಿಯಲ್ಲಿಲ್ಲ. ಬೇಡ ಎಂದವರನ್ನು ಮತ್ತೆ ಕರೆಯುವುದಿಲ್ಲ.

ಮಾರ್ಚ್ ೧೧, ಸೋಮವಾರ

ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವ ನಡುವೆ ಡಾಕ್ಟರ ಕೋಣೆಗೆ ಹೋಗಿ, ಫೆಲೇತಿಗೆ ನಾನು ಹೇಳಿಲ್ಲ ಎಂದೆ.

"ಏನನ್ನ?" ಎಂದರು ಡಾಕ್ಟರು.

"ಕ್ಯಾನ್ಸರ್ ಅಂತ. ಎಲ್ಲಿ ಅಂತ. ಸಾಯ್ತಾನೆ ಅಂತ. ಅವನು ಬೇಡ ಅಂದಿದ್ದು ಮುಲಾಮು ಚಿಕಿತ್ಸೆಗೆ."

"ನಾನು ಹೇಳಿದ್ದು ನಿನಗೆ ಅರ್ಥ ಆಗಿರಲಿಲ್ವಾ?"

"ಆಗಿತ್ತು."

ಕಾರಣ ಹೇಳಿದೆ. ಅವರಿಗೆ ಅದು ಕಾರಣವಾಗಿ ಕೇಳಿಸಲಿಲ್ಲ. ನನಗೂ ಇಂಗ್ಲಿಷಿನಲ್ಲಿ ಹೇಳುವಾಗ ಕೇಳಿಸಲಿಲ್ಲ. ಅವರು ಕೂಗಾಡಲಿಲ್ಲ. "ನಾನು ಇದನ್ನ ನಿನ್ನನ್ನ ಕಳಿಸೋ ಏಜೆನ್ಸಿಗೆ ತಿಳಿಸಲೇಬೇಕು. ಆದ್ರೆ ಮೊದಲು ಅವನು" ಎಂದು ಬೆವ್‌ಳನ್ನು ಕರೆದರು. ಸಿಡ್ನಿಯಲ್ಲಿರುವ ಒಬ್ಬ ಟೊಂಗಾದ ಗಂಡು ದುಭಾಷಿಯನ್ನು ಫೋನಿನಲ್ಲಿ ಹಿಡಿದು, ಅವನ ಮೂಲಕ ಫೆಲೇತಿಯನ್ನು ತೋಟದಲ್ಲಿ ಹಿಡಿದರು. ಡಾಕ್ಟರ ಕೋಣೆಯಲ್ಲಿ ಸ್ಪೀಕರ್ ಹಾಕಿದ್ದರು. ನನಗೆ ಹೊರಗೆ ಹೋಗಲು ಹೇಳಿದರು, ಹೋದೆ. ಬಾಗಿಲು ತೆಳು, ಫೆಲೇತಿಯ ದನಿ ಕೇಳಿಸಿತು.

"ನೀವ್ಯಾರು ನಂಗೊತ್ತಿಲ್ಲ ಅಣ್ಣ. ನಮ್ಮಕ್ಕ ಎಲ್ಲಾನೂ ಹೇಳಿದಾರೆ. ಅವರು ಹೇಳಿದ್ಮೇಲೆ ಇನ್ನೊಬ್ಬರ ಬಾಯಲ್ಲಿ ಅದನ್ನೇ ಕೇಳಿದ್ರೆ ಅವರಿಗೆ ಏನು ಬೆಲೆ ಕೊಟ್ಟ ಹಾಗಾಯ್ತು? ಬೇಡ."

ಫೋನು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಬೆವ್ ಹೊರಗೆ ಬಂದು ನನ್ನ ಪಕ್ಕ ಕೂತಳು. ಆಮೇಲೆ, "ಬೇರೆಯವರ ಕೈಲಿ ಆಗೋದಲ್ಲ ಇದು" ಎಂದಳು. ನಾನೇ ಹೋಗಿ ಹೇಳಲಿ, ನನ್ನ ಮಾತಾದರೆ ಕೇಳುತ್ತಾನೆ ಎಂದು ಡಾಕ್ಟರನ್ನು ಅವಳೇ ಒಪ್ಪಿಸಿದಳು. ಚಿಕಿತ್ಸೆಗೆ ಮುಂದಿನ ಸೋಮವಾರದವರೆಗೆ ಜಾಗ ಹಿಡಿದಿಡುತ್ತಾರಂತೆ.

ಮಾರ್ಚ್ ೧೨, ಮಂಗಳವಾರ

ಬೆಳಿಗ್ಗೆ ಫೆಲೇತಿ ಕೆಲಸ ಮಾಡುವ ಕಾರ್ಮೆಲೋನ ದ್ರಾಕ್ಷಿ ತೋಟಕ್ಕೆ ಹೋದೆ. ಟೀ ಹೊತ್ತು. ಕೊಯ್ಲಿನವರೆಲ್ಲ ದೂರದ ಶೆಡ್ಡಿನ ನೆರಳಲ್ಲಿದ್ದರು. ಕಾರ್ಮೆಲೋ ಟೋಪಿ ತೆಗೆದು, "ನಿನ್ನ ತಮ್ಮ ಟೀಗೂ ಬರಲ್ಲ. ಸಾಲು ಬಿಟ್ಟು ಕದಲಲ್ಲ, ಕೂರೋದೂ ಇಲ್ಲ. ಅಂಥ ಇನ್ನೂ ಹತ್ತು ಜನ ಇದ್ರೆ ಕರ್ಕೊಂಡು ಬಾ" ಎಂದು ಕೈ ತೋರಿಸಿದ.

ಸಾಲುಗಳ ನಡುವೆ ನಡೆದೆ. ಎಲೆಗಳು ದಟ್ಟವಾಗಿದ್ದವು. ಬಳ್ಳಿಯ ಆಚೆ ಬದಿಯಲ್ಲಿ ಅವನ ಬೂಟು ಕಾಣುತ್ತಿತ್ತು, ಕತ್ತರಿಯ ಸದ್ದು ಕೇಳುತ್ತಿತ್ತು. ನಾನು ಈಚೆಯೇ ನಿಂತೆ.

"ಫೆಲೇತಿ, ನಾನು."

"ಅಕ್ಕ. ಈ ಬಿಸಿಲಲ್ಲಿ ಯಾಕೆ ಬಂದ್ರಿ? ನಾನೇ ಬರ್ತಿದ್ದೆ."

"ನೀನು ಬಂದಿದ್ರೆ ನಾನು ಹೇಳ್ತಿರಲಿಲ್ಲ. ಆಸ್ಪತ್ರೇಲಿ ನಿನಗೆ ನಾನು ಸರಿಯಾಗಿ ಹೇಳ್ಲಿಲ್ಲ."

"ಹೇಳಿದ್ರಿ ಅಕ್ಕ. ಎಲ್ಲ ಹೇಳಿದ್ರಿ." ಕತ್ತರಿ ನಿಲ್ಲಲಿಲ್ಲ.

ಆಮೇಲೆ ಹೇಳಿದೆ. ನಮ್ಮ ಮಾತಿನಲ್ಲಿ, ಮಕ್ಕಳೂ ಬಳಸುವ ಪದಗಳಲ್ಲಿ. ನಿನ್ನ ಗುದದ ಒಳಗೆ ಕ್ಯಾನ್ಸರ್ ಗೆಡ್ಡೆ ಇದೆ. ಮೂಲವ್ಯಾಧಿ ಅಲ್ಲ. ರಕ್ತ ಬರುವುದು ಅದರಿಂದ. ಪಟ್ಟಣದಲ್ಲಿ ಅದನ್ನು ಸುಟ್ಟು ಚಿಕ್ಕದು ಮಾಡಿ, ಆಮೇಲೆ ಕುಯ್ದು ತೆಗೆಯುತ್ತಾರೆ. ಆಮೇಲೆ ಮಲ ಆ ದಾರಿಯಲ್ಲಿ ಬರುವುದಿಲ್ಲ, ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ಬರುತ್ತದೆ, ಬಹುಶಃ ಜೀವನಪೂರ್ತಿ. ಇದು ಊರಲ್ಲಿ ಆಗುವುದಿಲ್ಲ. ಸೋಮವಾರ ಹೋದರೆ ಬದುಕಬಹುದು. ಏಪ್ರಿಲ್‌ವರೆಗೆ ಕಾದರೆ ಸಾಯುತ್ತೀಯ.

ಎಲ್ಲೋ ನಡುವೆ ಕತ್ತರಿಯ ಸದ್ದು ನಿಂತಿತ್ತು. ಬೂಟುಗಳು ಅಲ್ಲೇ ಇದ್ದವು. ನನ್ನ ಕಿವಿ ಸುಡುತ್ತಿತ್ತು. ಅರ್ಥವಾಯಿತಾ ಎಂದು ಕೇಳಲಿಲ್ಲ.

ಕ್ರೇಟನ್ನು ಕೆಳಗಿಟ್ಟ ಸದ್ದಾಯಿತು. ಬೂಟುಗಳು ಸಾಲಿನ ತುದಿಯವರೆಗೆ ನಡೆದುಹೋದವು. ಓಡಲಿಲ್ಲ.

ಮಾರ್ಚ್ ೧೪, ಗುರುವಾರ

ಏಜೆನ್ಸಿಯವರು ಫೋನ್ ಮಾಡಿದ್ದರು. ವಿಚಾರಣೆ ಮುಗಿಯುವವರೆಗೆ ಕೆಲಸವಿಲ್ಲ. ಮುಗಿದ ಮೇಲೂ ಇರಲಾರದು.

ಲಾತು ಸಂಜೆ ಅಂಗಳದಲ್ಲಿ ವ್ಯಾನ್ ತೊಳೆಯುತ್ತಿದ್ದ. ಗುರುವಾರ ಅವನು ವ್ಯಾನ್ ತೊಳೆಯುವವನಲ್ಲ.

"ಸೋಮವಾರ ಫೆಲೇತಿನ ಪಟ್ಟಣಕ್ಕೆ ಬಿಡ್ಬೇಕು" ಎಂದ, ನನ್ನ ಕಡೆ ತಿರುಗದೆ. "ನಿನ್ನೆ ಬಂದು ಕೇಳ್ದ. ನೀನೇನೋ ಅವನ ಹತ್ರ ಹೋಗಿ ಹೇಳಿದೀಯ. ಏನು ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ಬೇಜಾರು ಮಾಡ್ಕೊಂಡಿದ್ನಾ?"

"ಅತ್ತ ಕಣೆ. ಅಷ್ಟು ದೊಡ್ಡ ಗಂಡಸು, ವ್ಯಾನಿಗೆ ಒರಗಿಕೊಂಡು. ಆಮೇಲೆ ಅಂದ, ಅಕ್ಕನ ಬಾಯಲ್ಲಿ ಅಂಥ ಮಾತು ಬರ್ಬೇಕಾದ್ರೆ ಭಾವ, ನಾನು ಸಾಯೋ ಹಾಗಿರ್ಬೇಕು, ಇಲ್ದಿದ್ರೆ ಅವಳು ಆಡೋಳಲ್ಲ ಅಂತ." ಪೈಪು ಹಿಡಿದೇ ನಿಂತ, ನೀರು ಮಣ್ಣಿಗೆ ಹೋಗುತ್ತಿತ್ತು. "ಇಷ್ಟು ದಿನ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಪೈಪು ನಿಲ್ಲಿಸಿ ಒಳಗೆ ಹೋದ. ರಾತ್ರಿ ಊಟಕ್ಕೆ ಎದುರು ಕೂತಾಗಲೂ ತಮಾಷೆ ಮಾಡಲಿಲ್ಲ.

ಮಾರ್ಚ್ ೧೮, ಸೋಮವಾರ

ಅವರು ಹೊರಡುವಾಗ ನಾನು ಅಡಿಗೆಮನೆಯಲ್ಲೇ ಇದ್ದೆ. ಅವನ ಕಣ್ಣಿಗೆ ನಾನು ಬೀಳಬಾರದು. ಲಾತು ಬುತ್ತಿ ತೆಗೆದುಕೊಂಡು ಹೋದ. ವ್ಯಾನ್ ತಿರುಗುವಾಗ ಹಾಡು ಹಾಕಿದ್ದು ಕೇಳಿಸಿತು.

ಫೆಲೇತಿಗೆ ಗುದದ ಕ್ಯಾನ್ಸರ್. ಇವತ್ತು ಚಿಕಿತ್ಸೆ ಶುರು. ಉಳಿಯುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಐದು ವಾರ ತಡವಾದದ್ದು ನನ್ನಿಂದ.

ಮಾರ್ಚ್ ೨೪, ಭಾನುವಾರ

ಚರ್ಚಿನಲ್ಲಿ ಹಾಡು ತೆಳ್ಳಗಿತ್ತು.

ಮಧ್ಯಾಹ್ನ ಊರಿಂದ ಓಫಾ ಚಿಕ್ಕಮ್ಮನ ಫೋನ್. ಫೆಲೇತಿಯ ತಾಯಿ. ಎಷ್ಟೋ ವರ್ಷದಿಂದ ಅವಳ ದನಿ ಕೇಳಿರಲಿಲ್ಲ. ಗಾಳಿ, ಹುಂಜದ ಕೂಗು, ಅದರ ನಡುವೆ ಅವಳು.

"ಮೆಲೆ, ನನ್ನ ಮಗನಿಗೆ ಏನಾಗಿದೆ ಮಗಾ? ಆಸ್ಪತ್ರೇಲಿದೀನಿ ಅಂತ ಫೋನ್ ಮಾಡ್ದ. ಏನು ಅಂದ್ರೆ ಏನೂ ಹೇಳ್ಲಿಲ್ಲ."

"ನಾನು ಹೇಳೋ ಹಾಗಿಲ್ಲ ಚಿಕ್ಕಮ್ಮ. ಅವನೇ ಹೇಳ್ಬೇಕು."

"ಅವನೇ ಹೇಳಿದ್ದು ಕಣೆ, ನಿನ್ನ ಕೇಳು ಅಂತ. ನಂಗೆ ಬಾಯಿ ಬರಲ್ಲ ಅಮ್ಮ, ಅಕ್ಕನ್ನ ಕೇಳು, ಅವಳು ಮುಚ್ಚಿಡಲ್ಲ ಅಂದ."

"ಮೆಲೆ, ಫೋನ್ ಕಟ್ಟಾಯ್ತಾ?" ಎಂದಳು.

"ಇಲ್ಲ. ಪಕ್ಕದಲ್ಲಿ ಯಾರಾದ್ರೂ ಇದಾರಾ ಚಿಕ್ಕಮ್ಮ? ಕೂತ್ಕೋ" ಎಂದೆ. ಕುರ್ಚಿ ಎಳೆದ ಸದ್ದಾಯಿತು.

ಹೇಳಿದೆ.